ಏರಿನಲ್ಲಿ ಕಾರು ಎಳೆಯುತ್ತಿಲ್ಲವೇ? ದೋಷ ಹುಡುಕುವ ಕ್ರಮ ಹೀಗಿರಲಿ

ಬೈರಕೂರು, ನಂಗಲಿ ಕಡೆಯಿಂದ ತಿರುಪತಿಗೆ ಹೊರಟವರು ಪಲಮನೇರು ದಾಟಿದ ಮೇಲೆ ಮೊಗಿಲಿ ಘಾಟಿಯಲ್ಲಿ ಇಳಿದು ಚಿತ್ತೂರು ಸೇರುತ್ತಾರೆ. ಇಳಿಯುವಾಗ ಕಾರಿನ ಬಲಾಬಲ ಗೊತ್ತಾಗುವುದಿಲ್ಲ. ತಿರುಮಲದ ಏರಿನಲ್ಲಿ ಮೊದಲ ಅನುಮಾನ ಹುಟ್ಟುತ್ತದೆ. ವಾಪಸ್ಸು ಬರುವಾಗ ಮೊಗಿಲಿ ಹತ್ತಬೇಕಲ್ಲ, ಅಲ್ಲಿ ಅದು ಖಾತ್ರಿಯಾಗುತ್ತದೆ. ಆಕ್ಸಿಲೇಟರ್ ಪೂರ್ತಿ ತುಳಿದರೂ ಕಾರು 30ರ ಮೇಲೆ ಹೋಗುವುದಿಲ್ಲ, ಹಿಂದಿನ ಲಾರಿ ಹಾರನ್ ಹೊಡೆಯುತ್ತದೆ. ಊರಿಗೆ ಬಂದು ಗ್ಯಾರೇಜಿನಲ್ಲಿ ‘ಪಿಕಪ್ ಇಲ್ಲ’ ಎಂದರೆ ಮೆಕ್ಯಾನಿಕ್ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ, ‘ಗಾಡಿ ಚೆನ್ನಾಗಿಯೇ ಇದೆಯಲ್ಲ’ ಎನ್ನುತ್ತಾನೆ. ಇಲ್ಲವೇ ಅಂದಾಜಿನ ಮೇಲೆ ಪ್ಲಗ್, ಫಿಲ್ಟರ್, ಇಂಜೆಕ್ಟರ್ ಕ್ಲೀನಿಂಗ್ ಎಂದು ಬಿಲ್ ಬೆಳೆಯುತ್ತದೆ.

ಈ ದೋಷದ ಮುಕ್ಕಾಲು ಪಾಲು ಪತ್ತೆ ಏರಿನಲ್ಲಿ ಸ್ಟೀರಿಂಗ್ ಹಿಡಿದವರ ಕೈಯಲ್ಲೇ ಇದೆ. ಆ ಹೊತ್ತಿನಲ್ಲಿ ಏನಾಯಿತು ಎಂಬುದನ್ನು ಸರಿಯಾಗಿ ಗಮನಿಸಿದರೆ ಯಾವ ಭಾಗವನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಲೇಬಾರದು ಎಂಬುದು ಗ್ಯಾರೇಜಿಗೆ ಹೋಗುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ಏರು ಕೇಳುವ ಶಕ್ತಿ ಎಷ್ಟು?

ಐದು ಜನ ಮತ್ತು ಸಾಮಾನು ಸೇರಿ ಸುಮಾರು 1,100 ಕಿಲೋ ತೂಗುವ ಒಂದು ಸಣ್ಣ ಕಾರನ್ನು ತೆಗೆದುಕೊಳ್ಳಿ. ಸಮತಟ್ಟು ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ಓಡಲು ಅದಕ್ಕೆ ಚಕ್ರದ ಬಳಿ ಬೇಕಾಗುವುದು ಸುಮಾರು 3 ಅಶ್ವಶಕ್ತಿ ಮಾತ್ರ. ನೂರು ಮೀಟರಿಗೆ ಎಂಟು ಮೀಟರ್ ಏರುವ ದಾರಿಯಲ್ಲಿ ಅದೇ ವೇಗ ಉಳಿಸಿಕೊಳ್ಳಲು ಇನ್ನೂ 13 ಅಶ್ವಶಕ್ತಿ ಬೇಕು. ಗೇರ್‌ಬಾಕ್ಸಿನಲ್ಲಿ ಸೋರಿಹೋಗುವುದು, ಎ.ಸಿ. ತಿನ್ನುವುದು ಎಲ್ಲ ಸೇರಿದರೆ ಎಂಜಿನ್ 20ರಷ್ಟನ್ನಾದರೂ ಕೊಡಲೇಬೇಕು. ಆದ್ದರಿಂದಲೇ ಅರ್ಧ ಬಲ ಕಳೆದುಕೊಂಡ ಎಂಜಿನ್ ಕೂಡ ಮುಳಬಾಗಿಲು–ಕೋಲಾರ ಹೆದ್ದಾರಿಯಲ್ಲಿ ಗುಟ್ಟು ಬಿಟ್ಟುಕೊಡದೆ ಓಡುತ್ತದೆ. ಅದರ ನಿಜವಾದ ಪರೀಕ್ಷೆ ಘಾಟಿಯಲ್ಲಿ.

ಇನ್ನೊಂದು ಲೆಕ್ಕವೂ ಇದೆ. ಮಾರುತಿ ಆಲ್ಟೊ 800ರ 796 ಸಿ.ಸಿ. ಎಂಜಿನ್ ತನ್ನ ಗರಿಷ್ಠ ಶಕ್ತಿಯಾದ ಸುಮಾರು 48 ಅಶ್ವಶಕ್ತಿಯನ್ನು ಕೊಡುವುದು 6,000 ಆರ್‌ಪಿಎಂನಲ್ಲಿ. ಗರಿಷ್ಠ ಟಾರ್ಕ್, ಅಂದರೆ 69 ನ್ಯೂಟನ್ ಮೀಟರ್, 3,500ರಲ್ಲಿ. ಆ 3,500ರಲ್ಲಿ ಲೆಕ್ಕ ಹಾಕಿದರೆ 34 ಅಶ್ವಶಕ್ತಿ ಸಿಗುತ್ತದೆ. ಎಂಜಿನ್ 2,000ಕ್ಕೆ ಇಳಿದರೆ 20 ಕೂಡ ಸಿಗುವುದಿಲ್ಲ. ಮೇಲಿನ ಏರಿಗೆ ಬೇಕಾದದ್ದೇ 20. ಥರ್ಡ್ ಗೇರಿನಲ್ಲಿ ಎಂಜಿನ್ ಗುಡುಗುಡು ಎನ್ನುತ್ತಿರುವಾಗ ಆಕ್ಸಿಲೇಟರನ್ನು ಎಷ್ಟು ತುಳಿದರೂ ಕಾರು ಏಳದಿರುವುದು ಇದಕ್ಕೇ. ಅದು ರಿಪೇರಿಯ ಮಾತಲ್ಲ, ಗೇರಿನ ಮಾತು. ಏರು ಕಾಣುತ್ತಿದ್ದಂತೆ, ವೇಗ ಬೀಳುವ ಮುಂಚೆಯೇ ಸೆಕೆಂಡ್ ಗೇರಿಗೆ ಬನ್ನಿ, ಎಂಜಿನ್ 3,000ರ ಮೇಲೆ ಓಡಲಿ. ಎಂಜಿನ್ನಿನ ಸದ್ದು ಹೆಚ್ಚಿತೆಂದು ಹೆದರಬೇಕಿಲ್ಲ. ಕಡಿಮೆ ಆರ್‌ಪಿಎಂನಲ್ಲಿ ಏದುಸಿರು ಬಿಡಿಸುವುದೇ ಎಂಜಿನ್ನಿಗೆ ಹೆಚ್ಚು ಕೆಡುಕು. ಟರ್ಬೊ ಡೀಸೆಲ್ ಗಾಡಿಗಳಿಗೆ 2,000ದ ಆಸುಪಾಸು ಸಾಕು, ಆದರೆ 1,500ರ ಕೆಳಗೆ ಟರ್ಬೊ ಇನ್ನೂ ಎದ್ದಿರುವುದಿಲ್ಲ.

‘ಎತ್ತರಕ್ಕೆ ಹೋದರೆ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತದೆ’ ಎಂಬ ವಿವರಣೆಯನ್ನೂ ಹಲವರು ಕೊಡುತ್ತಾರೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರಿಗೆ ಸುಮಾರು ಶೇ 1ರಷ್ಟು ಶಕ್ತಿ ಕಳೆದುಕೊಳ್ಳುವುದು ನಿಜ. ಆದರೆ ಮುಳಬಾಗಿಲೇ 800 ಮೀಟರಿಗೂ ಮೇಲಿದೆ. 1,478 ಮೀಟರ್ ಎತ್ತರದ ನಂದಿಬೆಟ್ಟದ ತುದಿಯಲ್ಲಿ ಹೆಚ್ಚುವರಿಯಾಗಿ ಕಳೆದುಹೋಗುವುದು ಶೇ 6–7 ಮಾತ್ರ. ಕಾರು ನಿಂತೇಹೋಗುವಷ್ಟು ಸೊರಗಿದ್ದರೆ ಬೇರೆ ಕಾರಣ ಇದ್ದೇ ಇದೆ. ಸಿಎನ್‌ಜಿ ಗಾಡಿಯವರಿಗೆ ಮಾತ್ರ ಒಂದು ಮಾತು: ಗ್ಯಾಸಿನಲ್ಲಿ ಎಳೆತ ಸ್ವಭಾವತಃ ಕಡಿಮೆ. ಘಾಟಿ ಬಂದಾಗ ಪೆಟ್ರೋಲಿಗೆ ಬದಲಿಸಿ ನೋಡಿ. ಪೆಟ್ರೋಲಿನಲ್ಲಿ ಸಲೀಸಾಗಿ ಹತ್ತಿದರೆ ಎಂಜಿನ್ ಬಿಚ್ಚುವ ಅಗತ್ಯವಿಲ್ಲ.

ಏರಿನಲ್ಲೇ ಗಮನಿಸಬೇಕಾದವು

ದೂರ ಹೋಗಬೇಕಿಲ್ಲ. ಕೋಲಾರದ ಅಂತರಗಂಗೆ–ತೇರಹಳ್ಳಿ ಬೆಟ್ಟದ ರಸ್ತೆ ಸಾಕು. ನಿಮ್ಮ ಊರಿನ ಕೆರೆ ಏರಿಗೆ ಹತ್ತುವ ಕಡಿದಾದ ದಾರಿಯಾದರೂ ಆದೀತು. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಬರೆದುಕೊಳ್ಳಲು ಹೇಳಿ, ನೀವು ಕಣ್ಣನ್ನು ರಸ್ತೆಯ ಮೇಲಿಡಿ.

1. ಆರ್‌ಪಿಎಂ ಮುಳ್ಳು ಏರುತ್ತಿದೆಯೇ? ಎಲ್ಲಕ್ಕಿಂತ ಮೊದಲ ಪ್ರಶ್ನೆ ಇದು. ಮುಳ್ಳು ಮೇಲೆ ಹೋಗುತ್ತಿದ್ದು ವೇಗ ಮಾತ್ರ ಏರದಿದ್ದರೆ ಎಂಜಿನ್ ನಿರಪರಾಧಿ. ಕ್ಲಚ್ ಪ್ಲೇಟ್ ಜಾರುತ್ತಿದೆ. ಸುಟ್ಟ ವಾಸನೆಯೂ ಬಂದರೆ ಅನುಮಾನವೇ ಬೇಡ. ಮುಳ್ಳೂ ಏರದೆ ವೇಗವೂ ಏರದಿದ್ದರೆ ದೋಷ ಎಂಜಿನ್ನಿನದು, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ.

2. ಕಾರು ಜರ್ಕ್ ಹೊಡೆಯುತ್ತಿದೆಯೇ, ಮೆತ್ತಗೆ ಸೊರಗುತ್ತಿದೆಯೇ? ಜರ್ಕ್ ಹೊಡೆದರೆ, ಅಂದರೆ ‘ಮಿಸ್ಸಿಂಗ್’ ಇದ್ದರೆ, ಮೊದಲ ಅನುಮಾನ ಪ್ಲಗ್ ಮತ್ತು ಕಾಯಿಲ್ ಮೇಲೆ. ಜರ್ಕ್ ಇಲ್ಲದೆ ಬಲ ಕುಂದಿದರೆ ಗಾಳಿ, ಇಂಧನ, ಸೈಲೆನ್ಸರ್ ಕಡೆ ನೋಡಬೇಕು.

3. ಏರಿನ ಆರಂಭದಲ್ಲೇ ಸೊರಗಿತೋ, ಒಂದೆರಡು ಕಿಲೋಮೀಟರ್ ಹತ್ತಿದ ಮೇಲೋ? ತಡವಾಗಿ ಸೊರಗಿ, ಕಾಲು ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಎಳೆಯುವುದು ಇಂಧನದ ಹರಿವು ಸಾಲದಿರುವುದರ ಲಕ್ಷಣ. ಬಿಸಿಯ ಮುಳ್ಳೂ ಜೊತೆಗೆ ಏರಿದ್ದರೆ ಕೂಲಿಂಗ್ ವ್ಯವಸ್ಥೆಯನ್ನು ನೋಡಿ.

4. ಹೊಗೆ ಯಾವ ಬಣ್ಣ? ಡೀಸೆಲ್ ಗಾಡಿಯ ದಟ್ಟ ಕಪ್ಪು ಹೊಗೆ ಎಂದರೆ ಗಾಳಿ ಸಾಲುತ್ತಿಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಎಂಜಿನ್ನಿನಿಂದ ಬಿಡದೆ ಬರುವ ಬಿಳಿ ಹೊಗೆ, ಜೊತೆಗೆ ಕೂಲೆಂಟ್ ಕಡಿಮೆಯಾಗುವುದು – ಇವೆರಡೂ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಆ ಗಾಡಿಯನ್ನು ಓಡಿಸಬೇಡಿ.

5. ಎಂಜಿನ್ ಚಿಹ್ನೆಯ ಹಳದಿ ದೀಪ ಹತ್ತಿತೇ? ಒಂದೇ ಸಮ ಉರಿಯುತ್ತಿದ್ದರೆ ನಿಧಾನವಾಗಿ ಊರು ಸೇರಬಹುದು. ಮಿಣುಕುತ್ತಿದ್ದರೆ ಕೂಡಲೇ ಆಕ್ಸಿಲೇಟರ್ ಸಡಿಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕೊಳವೆಗೆ ಹೋಗಿ ಕೆಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತಿದೆ ಎಂದು ಅರ್ಥ. ಹೀಗೆ ಹಾಳಾದ ಕನ್ವರ್ಟರಿನ ಬೆಲೆ ಪ್ಲಗ್ಗಿನ ಬೆಲೆಗಿಂತ ಹತ್ತಾರು ಪಟ್ಟು.

ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು

ಮೊದಲು ಡಿಕ್ಕಿ ತೆರೆದು ನೋಡಿ. ನಮ್ಮ ಕಡೆ ಟೊಮೆಟೊ ಕಾಲದಲ್ಲಿ ವಡ್ಡಹಳ್ಳಿ ಮಾರುಕಟ್ಟೆಗೆಂದು ಓಮ್ನಿ, ಬೊಲೆರೊಗಳಲ್ಲೂ ಬಾಕ್ಸ್ ತುಂಬುವುದುಂಟು. 15 ಕಿಲೋದ ಇಪ್ಪತ್ತು ಬಾಕ್ಸ್ ಎಂದರೆ 300 ಕಿಲೋ, ಐದು ಜನರ ತೂಕ. ಅಷ್ಟು ಹೇರಿ ಎಳೆಯುತ್ತಿಲ್ಲವೆಂದರೆ ಅದಕ್ಕೆ ರಿಪೇರಿಯಿಲ್ಲ. ಟೈರುಗಳ ಗಾಳಿಯನ್ನೂ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ಇರುವಷ್ಟಕ್ಕೆ ತುಂಬಿಸಿ.

ಆಮೇಲೆ ಬ್ರೇಕ್. ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ ಹಾಕಿ, ಹ್ಯಾಂಡ್ ಬ್ರೇಕ್ ಬಿಟ್ಟು ಇಬ್ಬರು ತಳ್ಳಿದರೆ ಸಣ್ಣ ಕಾರು ಸಲೀಸಾಗಿ ಉರುಳಬೇಕು. ಹೆಚ್ಚು ಬ್ರೇಕ್ ಒತ್ತದೆ ನಾಲ್ಕೈದು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರಗಳ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಕಾವು ಹೊಡೆಯುತ್ತಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ.

ಎಂಜಿನ್ ಆಫ್ ಮಾಡಿ ಆಕ್ಸಿಲೇಟರ್ ಪೆಡಲನ್ನು ಕೈಯಿಂದ ಪೂರ್ತಿ ಒತ್ತಿ. ಒಂದರ ಮೇಲೊಂದು ಹಾಕಿದ ಮ್ಯಾಟ್ ಅಡ್ಡ ಬಂದು ಪೆಡಲ್ ಪೂರ್ತಿ ಇಳಿಯದಿರುವುದು ನೀವು ಅಂದುಕೊಳ್ಳುವುದಕ್ಕಿಂತ ಹೆಚ್ಚು ಕಡೆ ಕಾಣುತ್ತದೆ. ಹಳೆಯ ಕೇಬಲ್ ಗಾಡಿಯಾದರೆ ಒಬ್ಬರು ಪೆಡಲ್ ತುಳಿಯಲಿ, ಇನ್ನೊಬ್ಬರು ಬಾನೆಟ್ ಒಳಗೆ ಥ್ರಾಟಲ್ ಕೊನೆಯವರೆಗೂ ತೆರೆಯುತ್ತದೆಯೇ ನೋಡಲಿ. ಸಡಿಲವಾದ ಕೇಬಲ್ ಬಿಗಿ ಮಾಡಲು ಐದು ನಿಮಿಷ ಸಾಕು.

ಕ್ಲಚ್ ಪರೀಕ್ಷೆಗೆ ಖಾಲಿ ರಸ್ತೆ ಬೇಕು. ಸಣ್ಣ ಏರಿನಲ್ಲಿ ಗಂಟೆಗೆ 40ರ ವೇಗದಲ್ಲಿ ಫೋರ್ತ್ ಗೇರ್ ಹಾಕಿ ಆಕ್ಸಿಲೇಟರ್ ಪೂರ್ತಿ ತುಳಿಯಿರಿ. ಎಂಜಿನ್ ಸದ್ದು ಥಟ್ಟನೆ ಏರಿ ಕಾರು ಹಾಗೇ ಇದ್ದರೆ ಪ್ಲೇಟ್ ಜಾರಿತು. ಒಮ್ಮೆ ಮಾಡಿದರೆ ಸಾಕು, ಪದೇ ಪದೇ ಮಾಡಿ ಉಳಿದ ಪ್ಲೇಟನ್ನೂ ಸುಡಬೇಡಿ.

ಗಾಳಿ

ಕಲ್ಲು ಕ್ವಾರಿಗಳ ದೂಳು, ಹೂಳೆತ್ತುವ ಟ್ರ್ಯಾಕ್ಟರುಗಳ ದೂಳು, ಮಣ್ಣುರಸ್ತೆಯ ದೂಳು – ನಮ್ಮ ಜಿಲ್ಲೆಯಲ್ಲಿ ಏರ್ ಫಿಲ್ಟರ್ ಕೈಪಿಡಿಯಲ್ಲಿ ಬರೆದಷ್ಟು ದಿನ ಬಾಳುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಡಬ್ಬಿಯ ಕ್ಲಿಪ್ಪುಗಳನ್ನು ಬಿಚ್ಚಿದರೆ ಫಿಲ್ಟರ್ ಕೈಗೆ ಬರುತ್ತದೆ. ಬಿಸಿಲಿಗೆ ಹಿಡಿದು ನೋಡಿ, ಮಡಿಕೆಗಳ ನಡುವೆ ಬೆಳಕು ಕಾಣದಿದ್ದರೆ ಬದಲಿಸಿ. ಡಬ್ಬಿಯ ತಳವನ್ನೂ ನೋಡಿ. ತೋಟದ ಮನೆಯ ಹತ್ತಿರ ನಿಲ್ಲಿಸುವ ಕಾರುಗಳಲ್ಲಿ ಇಲಿಗಳು ಹರಕು ಬಟ್ಟೆ, ಕಡಲೆಕಾಯಿ ಸಿಪ್ಪೆ ತಂದು ಗೂಡು ಕಟ್ಟಿರುತ್ತವೆ, ಗಾಳಿ ಬರುವ ಮೂತಿಯೇ ಮುಚ್ಚಿರುತ್ತದೆ.

ಟರ್ಬೊ ಗಾಡಿಯಾದರೆ ಟರ್ಬೊದಿಂದ ಎಂಜಿನ್ನಿಗೆ ಹೋಗುವ ದಪ್ಪ ರಬ್ಬರ್ ಹೋಸುಗಳ ಮೇಲೆ ಕೈಯಾಡಿಸಿ. ಇದು ತಣ್ಣಗಿರುವಾಗ ಮಾಡುವ ಕೆಲಸ. ಸೀಳು, ಸಡಿಲ ಕ್ಲಿಪ್ಪು, ಜೋಡಣೆಯ ಬಳಿ ಜಿಡ್ಡು – ಈ ಮೂರರಲ್ಲಿ ಯಾವುದು ಕಂಡರೂ ಗಾಳಿ ಸೋರುತ್ತಿದೆ. ಏರಿನಲ್ಲಿ ‘ಸುಯ್’ ಎಂಬ ಸದ್ದು, ಹಿಂದೆ ಕಪ್ಪು ಹೊಗೆ, ಎಳೆತವಿಲ್ಲದಿರುವುದು ಒಟ್ಟಿಗೆ ಬಂದರೆ ಮೊದಲು ನೋಡಬೇಕಾದದ್ದು ಈ ಹೋಸನ್ನೇ. ಟರ್ಬೊ ಹೋಯಿತೆಂದು ಹತ್ತಾರು ಸಾವಿರ ಕೀಳುವ ಮೊದಲು ಹೋಸ್ ತೋರಿಸಿ ಎಂದು ಕೇಳಿ.

ಇಂಧನ

ಸಮತಟ್ಟಿನಲ್ಲಿ ಎಂಜಿನ್ ಕುಡಿಯುವುದು ಅಲ್ಪ. ಅರ್ಧ ಕಟ್ಟಿದ ಫಿಲ್ಟರ್, ದಣಿದ ಪಂಪ್ ಕೂಡ ಅಷ್ಟನ್ನು ಒದಗಿಸುತ್ತವೆ. ಘಾಟಿಯಲ್ಲಿ ಐದಾರು ಪಟ್ಟು ಬೇಡಿಕೆ ಬಂದಾಗ ಹರಿವು ಸಾಲದೆ ಒತ್ತಡ ಬೀಳುತ್ತದೆ.

ಡೀಸೆಲ್ ಗಾಡಿಯವರಿಗೆ ಒಂದು ಸುಲಭ ಕೆಲಸವಿದೆ. ಹಲವು ಡೀಸೆಲ್ ಫಿಲ್ಟರುಗಳ ತಳದಲ್ಲಿ ನೀರು ಬಿಡುವ ತಿರುಪು ಇರುತ್ತದೆ. ಎಂಜಿನ್ ಆಫ್ ಮಾಡಿ, ಪಾರದರ್ಶಕ ಬಾಟಲಿ ಹಿಡಿದು ಅದನ್ನು ಸಡಿಲಿಸಿ. ಬಂದದ್ದನ್ನು ಹತ್ತು ನಿಮಿಷ ಅಲುಗಿಸದೆ ಇಡಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ, ಡೀಸೆಲ್ ಮೇಲೆ ತೇಲುತ್ತದೆ. ಬರೀ ಡೀಸೆಲ್ ಬರುವವರೆಗೂ ಬಿಟ್ಟು ತಿರುಪು ಬಿಗಿ ಮಾಡಿ, ಕೈಪಂಪ್ ಇದ್ದರೆ ಗಟ್ಟಿಯಾಗುವವರೆಗೂ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿ. ನೀರು ಹೆಚ್ಚು ಬಂದರೆ ಫಿಲ್ಟರ್ ಬದಲಿಸಿ, ಡೀಸೆಲ್ ಹಾಕಿಸುವ ಬಂಕನ್ನೂ ಬದಲಿಸಿ. ಪೆಟ್ರೋಲಿನಲ್ಲಿ ಕಲಬೆರಕೆಯ ಅನುಮಾನವಿದ್ದರೆ ಬಂಕಿನಲ್ಲಿ ಫಿಲ್ಟರ್ ಪೇಪರ್ ಪರೀಕ್ಷೆ ಮಾಡಿಸಲು ನಿಮಗೆ ಹಕ್ಕಿದೆ. ಸಂಕೋಚವಿಲ್ಲದೆ ಕೇಳಿ.

ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪ್, ಫಿಲ್ಟರ್ ಎರಡೂ ಹೆಚ್ಚಾಗಿ ಟ್ಯಾಂಕಿನ ಒಳಗೇ ಇರುತ್ತವೆ. ಅದನ್ನು ಮನೆಯಲ್ಲಿ ಬಿಚ್ಚಬೇಡಿ. ಪೈಪಿನಲ್ಲಿ ಒತ್ತಡವಿರುತ್ತದೆ, ಹಾರುವ ಪೆಟ್ರೋಲಿಗೆ ಒಂದು ಕಿಡಿ ಸಾಕು. ಮೆಕ್ಯಾನಿಕ್ ಬಳಿ ಕೇಳಬೇಕಾದದ್ದು ಇಷ್ಟು: ಪ್ರೆಶರ್ ಗೇಜ್ ಹಾಕಿ ಅಳೆಯಿರಿ, ಐಡಲಿನಲ್ಲಿ ಮಾತ್ರವಲ್ಲ, ಎಂಜಿನ್ನಿಗೆ ಹೊರೆ ಬಿದ್ದಾಗಲೂ. ಹೆಚ್ಚಿನ ಪೆಟ್ರೋಲ್ ಇಂಜೆಕ್ಷನ್ ಕಾರುಗಳಲ್ಲಿ ಅದು 3ರಿಂದ 4 ಬಾರ್ ಇರುತ್ತದೆ. ಆಕ್ಸಿಲೇಟರ್ ತುಳಿದಾಗ ಮುಳ್ಳು ಕುಸಿದರೆ ಕಳ್ಳ ಸಿಕ್ಕಿದ ಹಾಗೆ. ಸದಾ ರಿಸರ್ವಿನಲ್ಲಿ ಓಡಿಸುವವರ ಪಂಪ್ ಬೇಗ ಕೆಡುತ್ತದೆ, ಯಾಕೆಂದರೆ ಅದನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ.

ಕಿಡಿ

‘ಊರೊಳಗೆ ಸರಿ, ಏರಿನಲ್ಲಿ ಮಾತ್ರ ಮಿಸ್ಸಿಂಗ್’ ಎನ್ನುವವರು ಬಹಳ. ಆಕ್ಸಿಲೇಟರ್ ಪೂರ್ತಿ ತುಳಿದಾಗ ಸಿಲಿಂಡರಿನೊಳಗೆ ಹೆಚ್ಚು ಗಾಳಿ ತುಂಬಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ಸಂದಿ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದು ಸಂದಿ ಅಗಲವಾಗಿದ್ದರೆ, ಕಾಯಿಲ್ ಸೀಳಿದ್ದರೆ ಅಷ್ಟು ವೋಲ್ಟೇಜ್ ಸಿಗದೆ ಕಿಡಿ ಬೀಳುವುದೇ ಇಲ್ಲ. ಸಮತಟ್ಟಿನಲ್ಲಿ ಒತ್ತಡ ಕಡಿಮೆ, ಅಲ್ಲಿ ಹೇಗೋ ಸಾಗುತ್ತದೆ.

ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಕಾರಿನಲ್ಲಿ ಹೊಸ ಭಾಗ ಕೊಳ್ಳದೆಯೇ ತಪ್ಪಿತಸ್ಥನನ್ನು ಹಿಡಿಯಬಹುದು. ಸ್ಕ್ಯಾನರ್ ‘ಪಿ0302’ ಎಂದು ತೋರಿಸಿದರೆ ಎರಡನೇ ಸಿಲಿಂಡರಿನಲ್ಲಿ ಮಿಸ್ಸಿಂಗ್ ಎಂದರ್ಥ. ಎಂಜಿನ್ ತಣ್ಣಗಾದ ಮೇಲೆ, ಆಫ್ ಮಾಡಿ, ಎರಡನೆಯ ಮತ್ತು ಮೂರನೆಯ ಕಾಯಿಲನ್ನು ಅದಲು ಬದಲು ಮಾಡಿಸಿ. ಕೋಡ್ ಅಳಿಸಿ ಮತ್ತೆ ಅದೇ ಏರು ಹತ್ತಿ. ಈಗ ‘ಪಿ0303’ ಬಂದರೆ ದೋಷ ಕಾಯಿಲ್ ಜೊತೆಗೆ ಹೋಯಿತು, ಅದೊಂದನ್ನೇ ಬದಲಿಸಿದರೆ ಸಾಕು. ‘ಪಿ0302’ ಹಾಗೇ ಉಳಿದರೆ ಆ ಸಿಲಿಂಡರಿನ ಪ್ಲಗ್, ಆಮೇಲೆ ಇಂಜೆಕ್ಟರ್ ನೋಡಬೇಕು.

ಹೊಗೆ ಹೋಗುವ ದಾರಿ

ಕೆಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡರೆ ಎಂಜಿನ್ ಉಸಿರು ಬಿಡಲಾಗದೆ ಉಸಿರು ಎಳೆಯುವುದನ್ನೂ ನಿಲ್ಲಿಸುತ್ತದೆ. ಆರ್‌ಪಿಎಂ ಒಂದು ಮಿತಿಯ ಮೇಲೆ ಹೋಗುವುದೇ ಇಲ್ಲ, ಕಾರಿನ ಅಡಿಭಾಗ ವಿಪರೀತ ಬಿಸಿಯಾಗುತ್ತದೆ. ಇಂಥ ಕಾರನ್ನು ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ. ನಮ್ಮ ಕಡೆ ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಯ ಮೇಲೆ ಹರಡುತ್ತಾರೆ. ಹುರುಳಿ ಸೊಪ್ಪು ಅಡಿಗೆ ಸುತ್ತಿಕೊಂಡು ಕಾರಿಗೆ ಬೆಂಕಿ ಹೊತ್ತಿದ ಪ್ರಕರಣಗಳು ರಾಜ್ಯದಲ್ಲಿ ನಡೆದಿವೆ. ಅದರ ಮೇಲೆ ಹಾಯಲೇಬೇಕಾಗಿ ಬಂದರೆ ಮುಂದೆ ನಿಲ್ಲಿಸಿ ಅಡಿಭಾಗ ನೋಡಿ.

2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್, ಇರುತ್ತದೆ. ದಿನಾ ಮನೆಯಿಂದ ಪೇಟೆಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಅದು ಕಟ್ಟುತ್ತದೆ, ಎಂಜಿನ್ ತಾನಾಗಿಯೇ ಶಕ್ತಿ ತಗ್ಗಿಸುತ್ತದೆ. ಡಿಪಿಎಫ್ ದೀಪ ಹತ್ತಿದ ಆರಂಭದಲ್ಲೇ ಹೆದ್ದಾರಿಗೆ ಒಯ್ದು ಕೈಪಿಡಿ ಹೇಳಿದ ವೇಗದಲ್ಲಿ ನಿಲ್ಲಿಸದೆ ಓಡಿಸಿದರೆ ಸಾಮಾನ್ಯವಾಗಿ ಮಸಿ ಸುಟ್ಟುಹೋಗುತ್ತದೆ.

ಇವೆಲ್ಲ ಸರಿಯಿದ್ದು, ಆಯಿಲ್ ಕುಡಿಯುವ ಹಳೆಯ ಗಾಡಿಯಾದರೆ ಮಾತ್ರ ಕಂಪ್ರೆಷನ್ ಪರೀಕ್ಷೆಗೆ ಹೋಗಿ.

ಘಾಟಿಯ ಮಧ್ಯೆಯೇ ಸೊರಗಿದರೆ

ಬಿಸಿಯ ಮುಳ್ಳು ಏರುತ್ತಿದ್ದರೆ ಎ.ಸಿ. ಆಫ್ ಮಾಡಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಿ. ಎಂಜಿನ್ನಿನ ಕಾವು ಕಾರೊಳಗೆ ಬರುತ್ತದೆ, ಸಹಿಸಿಕೊಳ್ಳಿ. ಅಗಲವಾದ ಜಾಗ ಸಿಕ್ಕಿದಲ್ಲಿ ನಿಲ್ಲಿಸಿ. ತಿರುವಿನಲ್ಲಿ ಖಂಡಿತ ಬೇಡ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ನಾಲ್ಕೂ ಇಂಡಿಕೇಟರ್ ಹಾಕಿ, ಎಲ್ಲರನ್ನೂ ರಸ್ತೆಯಿಂದಾಚೆಗೆ ಇಳಿಸಿ. ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಗೂ ಹೆಚ್ಚು ಕಾದು, ಮುಚ್ಚಳ ಕೈಗೆ ತಣ್ಣಗೆನಿಸಿದ ಮೇಲೆ ದಪ್ಪ ಬಟ್ಟೆ ಹಿಡಿದು ನಿಧಾನ ತಿರುಗಿಸಿ. ಅಂಬಾಸಿಡರ್ ಕಾಲದಲ್ಲಿ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಕಾರ್ಬುರೇಟರ್ ಗಾಡಿಯಲ್ಲಿ ಪೈಪಿನೊಳಗೆ ಪೆಟ್ರೋಲ್ ಆವಿಯಾದಾಗ ಅದು ಈಗಲೂ ಕೆಲಸ ಮಾಡುತ್ತದೆ. ಟ್ಯಾಂಕಿನೊಳಗೆ ಪಂಪ್ ಇರುವ ಇಂದಿನ ಕಾರಿಗೆ ಅದು ಬೇಕಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಏರಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ಕಾರನ್ನು ತಡೆದು ನಿಲ್ಲಿಸುವುದು. ಟ್ರಾಫಿಕ್ ನಿಂತಾಗ ಹ್ಯಾಂಡ್ ಬ್ರೇಕ್ ಎಳೆಯಿರಿ. ಒಂದೇ ಘಾಟಿಯಲ್ಲಿ ಕ್ಲಚ್ ಪ್ಲೇಟ್ ಸುಟ್ಟವರಿದ್ದಾರೆ.

‘ಗಾಳಿ ಚೆನ್ನಾಗಿ ಆಡಲಿ’ ಎಂದು ಏರ್ ಫಿಲ್ಟರನ್ನೇ ತೆಗೆದು ಓಡಿಸುವುದು. ಕ್ವಾರಿ ದೂಳು ಸಿಲಿಂಡರನ್ನು ಸಾಣೆ ಹಿಡಿದಂತೆ ಸವೆಸುತ್ತದೆ.

ಸ್ಕ್ಯಾನರ್ ತೋರಿಸಿದ ಕೋಡನ್ನು ಕೆಟ್ಟ ಭಾಗದ ಹೆಸರೆಂದು ತಿಳಿಯುವುದು. ‘ಪಿ0171’ ಬಂದರೆ ಆಕ್ಸಿಜನ್ ಸೆನ್ಸರ್ ಬದಲಿಸಿಬಿಡುತ್ತಾರೆ. ಆ ಕೋಡ್ ಹೇಳುವುದು ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಬೀಳುತ್ತಿದೆ ಎಂದಷ್ಟೇ. ಕಾರಣ ದಣಿದ ಪಂಪ್ ಇರಬಹುದು, ಸೀಳಿದ ಹೋಸ್ ಇರಬಹುದು. ಸೆನ್ಸರ್ ನಿಜ ಹೇಳಿದ್ದಕ್ಕೆ ಅದನ್ನೇ ಕಿತ್ತೆಸೆದಂತಾಗುತ್ತದೆ.

ಕಟ್ಟಿದ ಕನ್ವರ್ಟರನ್ನು ಒಡೆದು ಖಾಲಿ ಡಬ್ಬಿ ಮಾಡಿಸುವುದು. ಇದು ಕಾನೂನುಬಾಹಿರ, ಹೊಗೆ ತಪಾಸಣೆಯಲ್ಲೂ ಸಿಕ್ಕಿಬೀಳುತ್ತದೆ. ಅಲ್ಲದೆ ಕನ್ವರ್ಟರ್ ಕಟ್ಟಲು ಕಾರಣವಾದ ಮಿಸ್ಸಿಂಗ್ ಹಾಗೇ ಉಳಿಯುತ್ತದೆ.

ದುಬಾರಿ ಪ್ರೀಮಿಯಂ ಪೆಟ್ರೋಲಿನ ಮೇಲೆ ಭರವಸೆ ಇಡುವುದು. ಸಾಮಾನ್ಯ ಕಾರಿಗೆ ಅದರಿಂದ ಹೊಸ ಬಲವೇನೂ ಬರುವುದಿಲ್ಲ.

ಗ್ಯಾರೇಜಿನಲ್ಲಿ ಹೇಳಬೇಕಾದ ಮಾತು

‘ಪಿಕಪ್ ಇಲ್ಲ’ ಎಂದಷ್ಟೇ ಹೇಳಬೇಡಿ. ‘ಸೆಕೆಂಡ್ ಗೇರಿನಲ್ಲಿ 3,000 ಆರ್‌ಪಿಎಂ, ನಾಲ್ಕು ಜನ, ಎ.ಸಿ. ಆಫ್. ಎರಡು ಕಿಲೋಮೀಟರ್ ಹತ್ತಿದ ಮೇಲೆ ಸೊರಗಿತು, ಜರ್ಕ್ ಇಲ್ಲ, ದೀಪ ಹತ್ತಲಿಲ್ಲ, ಬಿಸಿ ಏರಲಿಲ್ಲ, ಐದು ನಿಮಿಷ ನಿಲ್ಲಿಸಿದ ಮೇಲೆ ಸರಿಯಾಯಿತು’ ಎನ್ನಿ. ಇಷ್ಟು ಕೇಳಿದ ಒಳ್ಳೆಯ ಮೆಕ್ಯಾನಿಕ್ ಪ್ಲಗ್ ಸ್ಪ್ಯಾನರ್ ಬಿಟ್ಟು ನೇರವಾಗಿ ಪ್ರೆಶರ್ ಗೇಜ್ ಎತ್ತಿಕೊಳ್ಳುತ್ತಾನೆ. ಒಂದು ಸಲಕ್ಕೆ ಒಂದೇ ಭಾಗ ಬದಲಿಸಲಿ, ತೆಗೆದ ಭಾಗವನ್ನು ಕೇಳಿ ಪಡೆಯಿರಿ. ಹಣ ಕೊಡುವ ಮೊದಲು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಏರನ್ನು, ಅದೇ ಗೇರಿನಲ್ಲಿ, ಮೊದಲಿನಷ್ಟೇ ಜನರನ್ನು ಹತ್ತಿಸಿಕೊಂಡು ಮತ್ತೊಮ್ಮೆ ಹತ್ತಿ ನೋಡಿ.